ತೋಟಕ್ಕೆ ಹೋಗುವ ಮೊಪೆಡ್ಡಿಗೂ ಹೆಲ್ಮೆಟ್ ಬೇಕೆ?

‘ತೋಟಕ್ಕೆ ಎರಡೇ ಕಿಲೋಮೀಟರು, ಮೊಪೆಡ್ಡು ಮೆಲ್ಲಗೆ ಹೋಗುತ್ತೆ, ಹೆಲ್ಮೆಟ್ ಯಾಕೆ?’ ಎನ್ನುವ ನಿಮ್ಮ ತಂದೆಯವರ ಲೆಕ್ಕದಲ್ಲಿ ಒಂದು ಅಂಶ ಬಿಟ್ಟುಹೋಗಿದೆ. ಸೀಟಿನ ಮೇಲೆ ಕೂತವರ ತಲೆ ನೆಲದಿಂದ ಸುಮಾರು ಒಂದೂವರೆ ಮೀಟರ್ ಮೇಲಿರುತ್ತದೆ. ಅಷ್ಟೆತ್ತರದಿಂದ ಬಿದ್ದರೆ, ಗಾಡಿ ನಿಂತಿದ್ದರೂ ಸರಿ, ತಲೆ ಗಂಟೆಗೆ ಸುಮಾರು 20 ಕಿ.ಮೀ. ವೇಗದಲ್ಲಿ ಡಾಂಬರಿಗೆ ಅಪ್ಪಳಿಸುತ್ತದೆ. ಹಿಂದಿನಿಂದ ಬರುವ ಲಾರಿಯ ವೇಗವಂತೂ ಅವರ ಕೈಯಲ್ಲಿಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಮಂದಿಯಲ್ಲಿ ಶೇ 44ಕ್ಕೂ ಹೆಚ್ಚು ಜನ ದ್ವಿಚಕ್ರ ವಾಹನದಲ್ಲಿದ್ದವರು. ಹೆಲ್ಮೆಟ್ ಇಲ್ಲದೆ ಸತ್ತವರೇ ಸುಮಾರು 50 ಸಾವಿರ. ಎಷ್ಟು ಮನೆಗಳ ದುಃಖವಿದು!

ಸೆಕೆಯಾಗುತ್ತದೆ ಎಂಬ ಅವರ ದೂರು ನಿಜ, ಅದನ್ನು ಅಲ್ಲಗಳೆಯಬೇಡಿ. ಗಾಳಿಯಾಡುವ, ಮುಖ ತೆರೆದ ಹೆಲ್ಮೆಟ್ ಕೊಡಿಸಿ; ಐಎಸ್‌ಐ ಗುರುತು ಇರಲಿ. ಗಲ್ಲದ ಪಟ್ಟಿ ಬಿಗಿಯದಿದ್ದರೆ ಬೀಳುವಾಗ ಅದು ತಲೆಯಿಂದ ಕಳಚಿ ಹಾರಿಹೋಗಬಹುದು. ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ಕಾಕ್ರೇನ್ ವಿಮರ್ಶೆ, ಹೆಲ್ಮೆಟ್ ಸಾವಿನ ಅಪಾಯವನ್ನು ಶೇ 42ರಷ್ಟು, ತಲೆಗಾಯದ ಅಪಾಯವನ್ನು ಶೇ 69ರಷ್ಟು ತಗ್ಗಿಸುತ್ತದೆಂದು ಕಂಡುಕೊಂಡಿದೆ. ಇನ್ನು, ಹದಿನಾರು ತುಂಬಿತೆಂದು ಮಗನ ಕೈಗೆ ಅದೇ ಗಾಡಿ ಕೊಡಬೇಡಿ. ಆ ವಯಸ್ಸಿನವರಿಗೆ ಸಿಗುವ ಲೈಸೆನ್ಸ್ 50 ಸಿಸಿ ಮೀರದ ಗಾಡಿಗೆ ಮಾತ್ರ. ಈಗ ಹಳ್ಳಿಗಳಲ್ಲಿ ಓಡುವ ಹೊಸ ಮೊಪೆಡ್ಡಿನದು ಹೆಚ್ಚುಕಡಿಮೆ 100 ಸಿಸಿ.