ಆಡಿಟ್‌ಗೆ ಹೆದರಿದ ಪುಟ್ಟಿಗೆ

ಗುಂಡ್ಲುಪೇಟೆ



ಗೂಡಲೂರಿನ ಆಸ್ಪತ್ರೆಯ ಔಷಧಿ ಕೌಂಟರಿಗೆ ಸೇರಿದ್ದೀಯಂತೆ, ಆಗಲೇ ಆಡಿಟ್ ಅಂತ ನಿದ್ದೆಗೆಟ್ಟಿದ್ದೀಯಂತೆ. ನಿಮ್ಮಪ್ಪ ಫೋನಿನಲ್ಲಿ ಹೇಳಿದ. ಆಡಿಟರ್ ಏನು ಹುಲಿಯಲ್ಲ ಕಣೇ. ಹುಲಿಯೇ ಬೇಕಿದ್ದರೆ ಮಸಿನಗುಡಿ ಕಡೆ ಹೋದರಾಯಿತು. ಚೀಟಿ, ಬಿಲ್ಲು, ಸ್ಟಾಕು ಒಂದಕ್ಕೊಂದು ತಾಳೆಯಾಗುತ್ತವೆಯೇ ಅಂತ ಅವರು ನೋಡುತ್ತಾರೆ, ಅಷ್ಟೇ.

ಹೆಚ್ಚಿನ ಎಡವಟ್ಟು ಕಂಪ್ಯೂಟರಿನಲ್ಲಿ ಐಟಂ ಆರಿಸುವಾಗಲೇ ಆಗುತ್ತದೆ. ‘ಹೈಡ್ರಾಕ್ಸಿ’ ಅಂತ ಹೊಡೆದು ನೋಡು. ಹೈಡ್ರಾಕ್ಸಿಕ್ಲೋರೋಕ್ವಿನ್, ಹೈಡ್ರಾಕ್ಸಿಯೂರಿಯಾ, ಹೈಡ್ರಾಕ್ಸಿಜಿನ್ ಸಾಲಾಗಿ ಬಂದು ನಿಲ್ಲುತ್ತವೆ. ಒಂದು ಸಂಧಿವಾತಕ್ಕೆ, ಒಂದು ಸಿಕಲ್ ಸೆಲ್‌ಗೆ, ಇನ್ನೊಂದು ತುರಿಕೆಗೆ. ನೀಲಗಿರಿಯ ಬುಡಕಟ್ಟು ಜನರಲ್ಲಿ ಸಿಕಲ್ ಸೆಲ್ ಇರುವುದನ್ನು 1952ರಲ್ಲೇ ಗುರುತಿಸಿದ್ದರು, ಗೂಡಲೂರು ಸೀಮೆಯಲ್ಲಿ ಅದು ಇವತ್ತಿಗೂ ಇದೆ. ಹಾಗಾಗಿ ಆ ನಡುವಿನ ಔಷಧಿ ನಿನ್ನ ಕೈಗೆ ಬಂದೇ ಬರುತ್ತದೆ. ಬೆರಳು ಒಂದು ಸಾಲು ಜಾರಿತು ಅನ್ನು. ಕೈಗೆ ಸರಿಯಾದ ಕ್ಯಾಪ್ಸೂಲನ್ನೇ ಕೊಟ್ಟಿದ್ದರೂ ಲೆಕ್ಕದ ಪ್ರಕಾರ ರೋಗಿ ಒಯ್ದದ್ದು ತುರಿಕೆ ಮಾತ್ರೆ. ವಿಮೆಯವರು ಕ್ಲೇಮು ತಡೆಹಿಡಿಯುತ್ತಾರೆ. ಸ್ಟಾಕಿನಲ್ಲಿ ಒಂದು ಹೆಚ್ಚು, ಒಂದು ಕಮ್ಮಿ. ಪೂರ್ತಿ ಹೆಸರು, ಮಿಲಿಗ್ರಾಂ ಓದಿ, ಸ್ಟ್ರಿಪ್ಪನ್ನು ಪರದೆಯ ಪಕ್ಕ ಹಿಡಿದು ನೋಡಿ ಆಮೇಲೆ ಎಂಟರ್ ಒತ್ತು.

ಇನ್ನು ಎಣಿಕೆ. ಚೀಟಿಯಲ್ಲಿ ‘1-0-1, 30 ದಿನ’ ಅಂದರೆ ಬೆಳಿಗ್ಗೆ ಒಂದು, ರಾತ್ರಿ ಒಂದು, ಒಟ್ಟು 60 ಮಾತ್ರೆ. 15ರ ಸ್ಟ್ರಿಪ್ಪಾದರೆ 4. ನಿಮ್ಮ ಸಾಫ್ಟ್‌ವೇರ್ ಕೇಳುವುದು ಮಾತ್ರೆಯ ಲೆಕ್ಕವನ್ನೋ ಸ್ಟ್ರಿಪ್ಪಿನದನ್ನೋ? ಒಂದು ಸ್ಟ್ರಿಪ್ಪಿನ ಬ್ಯಾಚ್ ಬೇರೆಯಿದ್ದರೆ ಬಿಲ್ಲಿನಲ್ಲೂ ಬೇರೆ ಸಾಲು ಹಾಕು.

ಸೆಫಿಕ್ಸಿಮ್, ಅಲ್ಪ್ರಜೋಲಾಮ್‌ನಂಥ ಶೆಡ್ಯೂಲ್ ಎಚ್-1 ಔಷಧಿಗಳಿಗೆ ಬಿಲ್ಲು ಹೊಡೆದರೆ ಮುಗಿಯಲಿಲ್ಲ. 2014ರ ಮಾರ್ಚಿನಿಂದ ಅವಕ್ಕೆ ಪ್ರತ್ಯೇಕ ರಿಜಿಸ್ಟರ್ ಇದೆ: ವೈದ್ಯರ ಹೆಸರು, ವಿಳಾಸ, ರೋಗಿಯ ಹೆಸರು, ಔಷಧಿ, ಪ್ರಮಾಣ. ಮೂರು ವರ್ಷ ಕಾದಿಡಬೇಕು. ಸಂಜೆ ಒಟ್ಟಿಗೆ ಬರೆದರಾಯಿತು ಅನ್ನಬೇಡ, ಔಷಧಿ ಕೊಡುವಾಗಲೇ ಬರೆಯಬೇಕು ಅನ್ನುವುದೇ ನಿಯಮ.

ನಿಮ್ಮದು ಮೂರು ರಾಜ್ಯ ಕೂಡುವ ಊರು. ಮೈಸೂರು, ಕೋಯಿಕ್ಕೋಡ್, ಕೊಯಮತ್ತೂರಿನ ಚೀಟಿಗಳೂ ಬರುತ್ತವೆ. ಅಕ್ಷರ ತಿಳಿಯದಿದ್ದರೆ ಊಹೆ ಮಾಡದೆ ಆ ಡಾಕ್ಟರಿಗೇ ಫೋನ್ ಮಾಡು. ಯಾರು ಏನಂದರು, ಎಷ್ಟು ಹೊತ್ತಿಗೆ ಅಂತ ಗುರುತು ಹಾಕಿಕೋ. ಬಸ್ಸಿಗೆ ಹೊತ್ತಾಯಿತು ಅಂತ ಮಸಿನಗುಡಿಯವರು ಅವಸರ ಮಾಡುತ್ತಾರೆ, ಪಾಪ, ತಪ್ಪಾದರೆ ಮತ್ತೆ ಬರಲು ಅವರ ಒಂದು ದಿನದ ಕೂಲಿ ಹೋಗುತ್ತದೆ. ಅವರ ಚೀಟಿಯನ್ನೇ ಇನ್ನೊಮ್ಮೆ ನೋಡು.

ಬಿಲ್ಲು ತಪ್ಪಿದರೆ ಅಳಿಸಲು ಹೋಗಬೇಡ. ರಿಟರ್ನ್ ಹಾಕಿ ಹೊಸದು ಮಾಡು, ಹಳೆಯದು ಕಾಣುತ್ತಿರಲಿ. ತಿದ್ದಿದ ಬಿಲ್ಲಿಗಿಂತ ಮಾಯವಾದ ಬಿಲ್ಲಿನ ಮೇಲೆಯೇ ಆಡಿಟರಿಗೆ ಅನುಮಾನ.

ನಿಮ್ಮಲ್ಲಿ ಯಾವ ಸಾಫ್ಟ್‌ವೇರ್ ಅಂತ ನಿಮ್ಮಪ್ಪನಿಗೆ ಗೊತ್ತಿಲ್ಲವಂತೆ. ಭಾನುವಾರ ನೀನೇ ಫೋನ್ ಮಾಡು.

ನಿನ್ನ ದೊಡ್ಡಪ್ಪ