ಅಂಟಲ್ಲ, ಹುಟ್ಟಿನಿಂದ ಬಂದದ್ದು

ನ್ಯೂರೋಫೈಬ್ರೊಮಟೋಸಿಸ್ ಟೈಪ್ 1. ಬಾಯಿ ತಿರುಗದ ಹೆಸರು. ಒಪಿಡಿಯಲ್ಲಿ ಎಲ್ಲರೂ ‘ಎನ್‌ಎಫ್’ ಅಂತಲೇ ಕರೆಯುವುದು. 17ನೇ ಕ್ರೋಮೋಸೋಮಿನ ಒಂದು ಜೀನಿನಲ್ಲಿ ದೋಷವಿದ್ದು ನರಗಳ ಮೇಲೆ ಗಂಟುಗಳು ಏಳುವ ಕಾಯಿಲೆ. ಸುಮಾರು 3,000 ಜನರಲ್ಲಿ ಒಬ್ಬರಿಗೆ ಬರುತ್ತದೆ. ಮಗುವಾಗಿದ್ದಾಗ ಕಾಫಿ ಬಣ್ಣದ ಮಚ್ಚೆ, ಹರೆಯಕ್ಕೆ ಬಂದಾಗ ಗಂಟು, ವಯಸ್ಸಾದಂತೆ ಇನ್ನಷ್ಟು ಗಂಟು. ಆಪ್ತಸಮಾಲೋಚಕಿಯಾಗಿ ಇಂಥವರ ಜೊತೆ ಕೂತು ಕಲಿತದ್ದರಲ್ಲಿ ಕೆಲವನ್ನು ಇಲ್ಲಿ ಬರೆದಿದ್ದೇನೆ.

1. ‘ಏನು ಬಿಟ್ಟಿದ್ದೀರಿ?’ ಎಂದು ಕೇಳಬೇಕು

ಚರ್ಮದ ಮೇಲಿನ ಗಂಟು ಕ್ಯಾನ್ಸರ್ ಆಗುವುದಿಲ್ಲ. ಕಣ್ಣು, ಬೆನ್ನುಹುರಿ ಎಲ್ಲ ಸರಿಯಿದ್ದರೆ ಡಾಕ್ಟರು ‘ಮೈಲ್ಡ್’ ಎಂದು ಬರೆಯುತ್ತಾರೆ. ಅವರ ಲೆಕ್ಕ ಅವರಿಗೆ ಸರಿ. ಆ ‘ಮೈಲ್ಡ್’ ಹೊತ್ತವರು ರಾಯಚೂರಿನ ಮೇ ಬಿಸಿಲಲ್ಲೂ ತುಂಬು ತೋಳಿನ ಶರ್ಟು ತೊಟ್ಟು, ಕೊರಳ ಗುಂಡಿ ಬಿಗಿದು ಬರುತ್ತಾರೆ. ‘ಬೇಜಾರಾಗುತ್ತಾ?’ ಅಂದರೆ ‘ಇಲ್ಲ ಮೇಡಂ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಹಾಗಾಗಿ ಏನೇನು ಬಿಟ್ಟಿದ್ದಾರೆಂದು ಕೇಳುತ್ತೇನೆ. ಒಬ್ಬರು ಕಟಿಂಗ್ ಶಾಪಿಗೆ ಹೋಗುವುದನ್ನೇ ಬಿಟ್ಟಿದ್ದರು. ಬಟ್ಟೆ ಹೊದಿಸುವಾಗ ಕತ್ತಿನ ಗಂಟಿಗೆ ಕೈ ತಾಗಿ, ಶಾಪಿನವನು ಟವೆಲಿಗೆ ಕೈ ಒರೆಸಿಕೊಂಡನಂತೆ. ಏನೂ ಅನ್ನಲಿಲ್ಲ, ಒರೆಸಿಕೊಂಡ ಅಷ್ಟೆ. ಅಂದಿನಿಂದ ಭಾವಮೈದುನನೇ ಹಿತ್ತಲಲ್ಲಿ ಕೂರಿಸಿ ಕೂದಲು ಕತ್ತರಿಸುತ್ತಾನೆ. ಮದುವೆ ಮನೆಯಲ್ಲಿ ಬಳೆಗಾರ ಕೂತ ಕಡೆ ಸುಳಿಯದ ಹೆಂಗಸರಿದ್ದಾರೆ. ಈ ಪಟ್ಟಿಯನ್ನು ಫೈಲಿನಲ್ಲಿ ಎಂಆರ್‌ಐ ವರದಿಯ ಪಕ್ಕದಲ್ಲೇ ಇಡುತ್ತೇನೆ. ಚಿಕಿತ್ಸೆ ಫಲಿಸಿತೇ ಎಂದು ನಾನು ನೋಡುವುದು ಅದನ್ನೇ.

2. ಉತ್ತರ ಬಾಯಿಪಾಠ ಇರಲಿ

‘ಇದೇನು ಮೈಮೇಲೆ? ಅಂಟುತ್ತಾ?’ ಈ ಪ್ರಶ್ನೆ ಬಸ್ಸಿನಲ್ಲಿ ಬರುತ್ತದೆ, ಸಂತೆಯಲ್ಲಿ ಬರುತ್ತದೆ. ತಡವರಿಸಿದರೆ ಕೇಳಿದವರ ಅನುಮಾನ ಗಟ್ಟಿಯಾಗುತ್ತದೆ. ‘ಹುಟ್ಟಿನಿಂದ ಬಂದದ್ದು, ಅಂಟಲ್ಲ’ ಎಂಬಷ್ಟನ್ನು ನನ್ನೆದುರೇ ಜೋರಾಗಿ ಹೇಳಿಸುತ್ತೇನೆ. ಆಫೀಸಿನವರಿಗೆ ಇನ್ನೊಂದು ಮಾತು ಸೇರಿಸಬಹುದು. ಪಕ್ಕದ ಸೀಟಿನವರಿಗೆ ಅಷ್ಟೂ ಹೇಳಬೇಕಾಗಿಲ್ಲ. ಕಿಟಕಿಯಾಚೆ ನೋಡಿದರೂ ಆದೀತು.

3. ತಾಯಿಯ ತಪ್ಪಲ್ಲ

ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಇದು ತಂದೆತಾಯಿಯಿಂದ ಬಂದದ್ದೇ ಅಲ್ಲ, ಜೀನು ತಾನಾಗಿ ಹೊಸದಾಗಿ ಬದಲಾದದ್ದು. ಗ್ರಹಣದ ಹೊತ್ತಲ್ಲಿ ಹೊರಗೆ ಬಂದೆನೆಂದು ಮಗ ನಲವತ್ತು ದಾಟಿದರೂ ಕೊರಗುವ ತಾಯಂದಿರಿಗೆ ಇದನ್ನು ಮತ್ತೆ ಮತ್ತೆ ಹೇಳಬೇಕು. ನಾಗದೋಷವೆಂದು ಕುಕ್ಕೆಯಲ್ಲಿ ಸರ್ಪಸಂಸ್ಕಾರ ಮಾಡಿಸಿ ಬಂದವರ ಜೊತೆ ನಾನು ವಾದಕ್ಕೆ ಇಳಿಯುವುದಿಲ್ಲ, ಮನಸ್ಸು ಹಗುರಾಗಿದ್ದರೆ ಒಳ್ಳೆಯದೇ. ಗಂಟು ಕರಗಲಿಲ್ಲ, ನನ್ನ ಭಕ್ತಿಯೇ ಸಾಲದು ಎಂದು ಅವರು ತಮ್ಮನ್ನೇ ಹಳಿದುಕೊಳ್ಳತೊಡಗಿದಾಗ ಮಾತ್ರ ಅಡ್ಡ ಬರುತ್ತೇನೆ.

4. ಮದುವೆಯ ಮಾತು ಮದುವೆಗೆ ಮೊದಲೇ ಆಗಬೇಕು

ಗಂಡುಹೆಣ್ಣಿನಲ್ಲಿ ಒಬ್ಬರಿಗೆ ಎನ್‌ಎಫ್ ಇದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಬರುವ ಸಾಧ್ಯತೆ ಶೇ 50. ಎಷ್ಟು ತೀವ್ರವಾಗಿ ಎಂಬುದನ್ನು ಸಾಮಾನ್ಯವಾಗಿ ಮೊದಲೇ ಹೇಳಲಾಗದು. ಅಪ್ಪನಿಗೆ ಬರೀ ಮಚ್ಚೆಯಿದ್ದು ಮಗಳಿಗೆ ದೊಡ್ಡ ಗೆಡ್ಡೆಯೇ ಇರಬಹುದು. ಬಸಿರಿನಲ್ಲಿ ತಾಯಿಯ ಗಂಟುಗಳೂ ಹೆಚ್ಚುವುದುಂಟು. ‘ತಾಳಿ ಬೀಳಲಿ, ಆಮೇಲೆ ಹೇಳೋಣ’ ಎನ್ನುವ ಹಿರಿಯರ ಉಪದೇಶ ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ಆಮೇಲೆ ಮುಚ್ಚಿಟ್ಟುಕೊಂಡು ಬದುಕುವವಳು ಮದುಮಗಳು, ಹಿರಿಯರಲ್ಲ. ಜೆನೆಟಿಕ್ ಕೌನ್ಸೆಲಿಂಗಿಗೆ ಗಂಡುಹೆಣ್ಣು ಇಬ್ಬರೂ ಕೂಡಿ ಬರಲಿ.

5. ಭಯಕ್ಕೆ ಒಂದು ಚೀಟಿ

ಚರ್ಮದ ಗಂಟು ಕ್ಯಾನ್ಸರ್ ಆಗದು, ಒಳಗಿನ ನರಗಳ ದೊಡ್ಡ ಗೆಡ್ಡೆಗಳ ಮಾತು ಬೇರೆ. ಎನ್‌ಎಫ್ ಇದ್ದವರಲ್ಲಿ ಜೀವಮಾನದಲ್ಲಿ ನರದ ಕ್ಯಾನ್ಸರ್ ಬರುವ ಸಂಭವ ಸುಮಾರು ಶೇ 8ರಿಂದ 13. ಇದನ್ನು ಮುಚ್ಚಿಟ್ಟರೆ ಗೂಗಲ್ ಇನ್ನೂ ಕೆಟ್ಟದಾಗಿ ಹೇಳುತ್ತದೆ. ಗೆಡ್ಡೆ ಸರ್ರನೆ ಬೆಳೆದರೆ, ಗಟ್ಟಿಯಾದರೆ, ನೋವು ರಾತ್ರಿ ನಿದ್ದೆಯಿಂದ ಎಬ್ಬಿಸಿದರೆ, ಕೈಕಾಲಿನಲ್ಲಿ ಹೊಸದಾಗಿ ಶಕ್ತಿ ಕುಂದಿದರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯದೆ ಬನ್ನಿ ಎಂದು ಚೀಟಿಯಲ್ಲಿ ಬರೆದುಕೊಡುತ್ತೇನೆ. ಅದು ಪರ್ಸಿನಲ್ಲಿದ್ದರೆ ದಿನಾ ಗಂಟು ಒತ್ತಿ ಒತ್ತಿ ನೋಡುವುದು ಕಡಿಮೆಯಾಗುತ್ತದೆ.

6. ನಿದ್ದೆ ಕೆಟ್ಟರೆ

ಗಂಟು ತುರಿಸುತ್ತದೆ, ನೋಯುತ್ತದೆ. ಮೊದಲು ಅದಕ್ಕೆ ಔಷಧಿ, ಆಮೇಲೆ ಧೈರ್ಯದ ಮಾತು. ಊಟ ಬೇಡವಾಗಿ, ಬದುಕೇ ಸಾಕೆನಿಸಿದರೆ ಅದು ಖಿನ್ನತೆ. ‘ಈ ಕಾಯಿಲೆ ಇದ್ದ ಮೇಲೆ ಬೇಜಾರು ಸಹಜ’ ಎಂದು ಬಿಡಬಾರದು, ಮನೋವೈದ್ಯರಿಗೆ ತೋರಿಸಬೇಕು. ಟೆಲಿ ಮಾನಸ್ 14416ಕ್ಕೆ ಹಗಲಿರಲಿ ರಾತ್ರಿಯಿರಲಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

7. ತೆಗೆಸುವುದು ಷೋಕಿಯಲ್ಲ

ಸೆಲುಮೆಟಿನಿಬ್ ಎಂಬ ಔಷಧಿಗೆ 2020ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಾಗಿನಿಂದ ‘ಮಾತ್ರೆ ಬಂದಿದೆಯಂತೆ’ ಎಂದು ಕೇಳುವವರಿದ್ದಾರೆ. ಅದು ಬಂದದ್ದು ಒಳಗಿನ ಹೆಣೆದುಕೊಂಡ ಗೆಡ್ಡೆಗಳಿಗೆ, ಚರ್ಮದ ಮೇಲಿನವಕ್ಕಲ್ಲ. ಇವನ್ನು ಸರ್ಜರಿ ಇಲ್ಲವೇ ಲೇಸರ್‌ನಿಂದ ತೆಗೆಯಬಹುದು, ಹೊಸವು ಮತ್ತೆ ಏಳಬಹುದು. ಎಲ್ಲವನ್ನೂ ತೆಗೆಸುವ ಆಸೆ ಬೇಡ. ವಾಚಿನ ಬೆಲ್ಟಿಗೆ ಉಜ್ಜುವುದು, ರೆಪ್ಪೆಯ ಮೇಲಿನದು, ಬ್ರಾ ಪಟ್ಟಿಯ ಕೆಳಗಿನದು, ಹೀಗೆ ಆರಿಸಿಕೊಳ್ಳಬೇಕು. ಸರ್ಜನ್ ಹತ್ತಿರ ಹೋಗುವ ಬೆಳಿಗ್ಗೆ ಮನೆಯಲ್ಲೇ ಪೆನ್ನಿನಿಂದ ಗುರುತು ಹಾಕಿಕೊಂಡು ಹೋಗಿ ಅನ್ನುತ್ತೇನೆ. ಇಲ್ಲದಿದ್ದರೆ ನಾಚಿಕೆಗೆ ಕೈಮೇಲಿನದನ್ನು ತೋರಿಸಿ, ನಿಜವಾಗಿ ಕಾಡುವುದನ್ನು ಸೆರಗಿನಡಿಯಲ್ಲೇ ಇಟ್ಟುಕೊಂಡು ವಾಪಸು ಬರುತ್ತಾರೆ.