ಸಂಶೋಧನೆಗೆ ಕರೆದರೆ ಏನು ಕೇಳಬೇಕು?

ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚುವ ಮನೆಗಳಿಂದ ಕೆಮ್ಮು, ಉಬ್ಬಸವೆಂದು ನನ್ನ ಬಳಿ ಬರುವವರಿದ್ದಾರೆ. ಗೂಡು ಬೇಯಿಸುವ ಹಬೆ, ಹೊಗೆ ಕಾರಣವೆಂದು ನನ್ನ ಅನುಮಾನ. ಆದರೆ ಅನುಮಾನ ಪುರಾವೆಯಲ್ಲ. ಪುರಾವೆಗೆ ಸಂಶೋಧನೆ ಬೇಕು, ಸಂಶೋಧನೆಗೆ ಹಣ ಬೇಕು.

ಅದಕ್ಕೆಂದೇ ಕೇಂದ್ರದ ಆರೋಗ್ಯ ಸಂಶೋಧನಾ ಇಲಾಖೆ ಅನುದಾನ ಕೊಡುತ್ತದೆ. ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ಸಂಶೋಧನಾ ಘಟಕ, ಹಳ್ಳಿಗಾಡಿನಲ್ಲಿ ಮಾದರಿ ಗ್ರಾಮೀಣ ಆರೋಗ್ಯ ಸಂಶೋಧನಾ ಘಟಕ ಇದರಿಂದ ನಡೆಯುತ್ತವೆ. ರಾಯಚೂರು ಜಿಲ್ಲೆಯ ಸಿರವಾರದಲ್ಲಿ ಅಂಥ ಗ್ರಾಮೀಣ ಘಟಕವಿದೆ. ಚಿಕ್ಕಬಳ್ಳಾಪುರದಲ್ಲೂ ಈಗ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಯುನಾನಿ ಸಂಶೋಧನೆಗೆ ಆಯುಷ್ ಸಚಿವಾಲಯದ ನೆರವಿದೆ.

ಹೀಗಾಗಿ ಚಿಂತಾಮಣಿಗೋ ಗೌರಿಬಿದನೂರಿಗೋ ಸಂಶೋಧಕರು ಬಂದು ನಿಮ್ಮ ಬಾಗಿಲು ತಟ್ಟಬಹುದು. ಹೆದರಬೇಡಿ, ಓದದೆ ಸಹಿಯನ್ನೂ ಹಾಕಬೇಡಿ. ಇಷ್ಟು ಕೇಳಿ:

1. ನೈತಿಕ ಸಮಿತಿ ಒಪ್ಪಿದೆಯೇ?
2. ಔಷಧ ಪ್ರಯೋಗವಾದರೆ ಸಿ.ಟಿ.ಆರ್.ಐ. ನೋಂದಣಿ ಸಂಖ್ಯೆ ಯಾವುದು?
3. ಒಪ್ಪಿಗೆ ಪತ್ರ ಕನ್ನಡದಲ್ಲೋ ಉರ್ದುವಿನಲ್ಲೋ ಇದೆಯೇ?
4. ತೊಂದರೆಯಾದರೆ ಚಿಕಿತ್ಸೆಯ ಖರ್ಚು ಯಾರದು?

ಒಪ್ಪಿದ ಮೇಲೂ ನೀವು ಯಾವಾಗ ಬೇಕಾದರೂ ಹಿಂದೆ ಸರಿಯಬಹುದು. ಅದರಿಂದ ನಿಮ್ಮ ಮಾಮೂಲು ಚಿಕಿತ್ಸೆ ನಿಲ್ಲಬಾರದು.

ಉತ್ತರ ಸರಿಯಿದ್ದರೆ ಕೈಜೋಡಿಸಿ. ನಮ್ಮ ಕೆಮ್ಮು ಲೆಕ್ಕಕ್ಕೆ ಬಂದರೆ ತಾನೇ ಅದಕ್ಕೆ ಪರಿಹಾರ ಕೇಳಲು ಸಾಧ್ಯ? ಇನ್ ಶಾ ಅಲ್ಲಾಹ್, ಅದರ ಪ್ರಯೋಜನ ನಮ್ಮ ಮಕ್ಕಳಿಗೆ. ಅಲ್ಲಿಯವರೆಗೆ ಬಿಚ್ಚಾಣಿಕೆ ಕೋಣೆಯ ಕಿಟಕಿ ತೆರೆದಿಡಿ.